ಮುರುಗಲು ಸಿಪ್ಪೆಯ ಕೆಂಪು ಉಳಿಸಿಕೊಳ್ಳಿ

ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಕೊಂಕಣದಲ್ಲಿ ಕೋಕಂ. ಹೆಸರು ಮೂರಾದರೂ ಹಣ್ಣು ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ಮಾಗುವ ಈ ಹಣ್ಣಿನ ಕೊಯ್ಲು ಮಳೆಗೆ ಮುನ್ನ ಮುಗಿಯದಿದ್ದರೆ ಬೆಳೆಯ ಒಂದು ಪಾಲು ಮರದ ಬುಡದಲ್ಲೇ ಕೊಳೆಯುತ್ತದೆ. ಕೈಗೆ ಸಿಕ್ಕಿದ್ದನ್ನು ಸುಲಿದು ಒಣಗಿಸಿ ಮಾರುವುದು ರೂಢಿ.

ಒಂದೇ ಊರಿನ ಎರಡು ಮನೆಗಳ ಸಿಪ್ಪೆಯನ್ನು ಬೇರೆ ಬೇರೆ ಲೋಟದಲ್ಲಿ ನೆನೆಸಿ ನೋಡಿ. ಒಂದರ ನೀರು ಕಡುಗೆಂಪಾದರೆ ಇನ್ನೊಂದರದು ಮಾಸಲು ಕಂದಾಗುವುದುಂಟು. ಹುಳಿ ಎರಡರಲ್ಲೂ ಇರುತ್ತದೆ, ಹೋಗಿರುವುದು ಬಣ್ಣ. ಷರಬತ್ತು ತಯಾರಿಸುವವರಿಗೂ ಸಾರ ತೆಗೆಯುವವರಿಗೂ ಬೇಕಾದದ್ದು ಆ ಬಣ್ಣವೇ.

ಈ ಕೆಂಪು ವಸ್ತುವಿಗೆ ಆಂಥೋಸಯನಿನ್ ಎಂದು ಹೆಸರು. ನೇರಳೆ ಹಣ್ಣಿನ ಬಣ್ಣವೂ ಇದೇ ಜಾತಿಯದು. ಗಾಳಿಯ ಆಮ್ಲಜನಕದಿಂದ ಆಗುವ ಕೆಡುಕನ್ನು ತಡೆಯುವ ವಸ್ತುಗಳನ್ನು ಆಂಟಿ ಆಕ್ಸಿಡೆಂಟ್ ಎನ್ನುತ್ತಾರೆ. ಇಟ್ಟ ಎಣ್ಣೆ ಕಮಟುವುದು ಇಂಥ ಕೆಡುಕೇ. ಮುರುಗಲು ಸಿಪ್ಪೆಯಲ್ಲಿ ಇಂಥವು ಮುಖ್ಯವಾಗಿ ಎರಡು. ಆಂಥೋಸಯನಿನ್ ನೀರಿನಲ್ಲಿ ಕರಗುತ್ತದೆ. ಗಾರ್ಸಿನಾಲ್ ಎಂಬ ಹಳದಿ ವಸ್ತು ನೀರಿಗೆ ಬರುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತದೆ. ಅದನ್ನು ತೆಗೆಯುವುದು ಕಾರ್ಖಾನೆಯ ಕೆಲಸ. ಮನೆಯಲ್ಲಿ ಪ್ರಯತ್ನಿಸುವುದು ಬೇಡ.

ಬಣ್ಣ ಕೆಡುವುದು ಹೆಚ್ಚಾಗಿ ಒಣಗಿಸುವಾಗಲೇ. ಬಿಸಿ, ಬೆಳಕು, ಗಾಳಿ ಮೂರೂ ಆಂಥೋಸಯನಿನ್‌ಗೆ ಶತ್ರುಗಳು. ಮಳೆಗಾಲದಲ್ಲಿ ಬರುವ ಉಪ್ಪಾಗೆಯನ್ನು ಬೆಂಕಿಯ ಮೇಲೆ ಹೊಗೆಯಾಡಿಸಿ ಒಣಗಿಸುವುದು ಅನಿವಾರ್ಯ. ಅದರ ಸಿಪ್ಪೆ ಕಪ್ಪಾದರೆ ನಷ್ಟವಿಲ್ಲ. ಮುರುಗಲಿಗೂ ಅದೇ ಅಟ್ಟವನ್ನು ಬಳಸುವುದು ಸರಿಯಲ್ಲ. ಹಣ್ಣನ್ನು ಕೊಯ್ದ ದಿನವೇ ಸೀಳಿ, ಬೀಜ ತೆಗೆದು, ಸಿಪ್ಪೆಯನ್ನು ತೆಳ್ಳಗೆ ಹರಡಿ, ಗಾಳಿಯಾಡುವ ನೆರಳಿನಲ್ಲಿ ಅಥವಾ ಮುಚ್ಚಿದ ಸೋಲಾರ್ ಡ್ರೈಯರಿನಲ್ಲಿ ಒಣಗಿಸಬೇಕು. ರಾಶಿ ಹಾಕಿದರೆ ಬೂಸು ಬರುತ್ತದೆ.

ಇನ್ನು ರಸ ತೆಗೆಯುವ ಬಗೆ. ಸಿಪ್ಪೆಯನ್ನು ಕೊತಕೊತ ಕುದಿಸುವ ಅಭ್ಯಾಸ ಹಲವರಿಗಿದೆ. ಕುದಿಸಿದರೆ ಬಣ್ಣ ಬೇಗ ಬರುವುದು ನಿಜ, ಆದರೆ ಅಷ್ಟೇ ಬೇಗ ಕೆಡುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಸಿಪ್ಪೆಯನ್ನು ಸಣ್ಣಗೆ ಚೂರು ಮಾಡಿದರೆ ನೀರು ಬೇಗ ಒಳಹೊಗುತ್ತದೆ. ಹಿಟ್ಟು ಮಾಡಿದರೆ ಬಟ್ಟೆಯಲ್ಲಿ ಸೋಸಲಾಗದೆ ತೊಂದರೆ.

ನೀರನ್ನು ಒಮ್ಮೆಗೇ ಸುರಿಯದೆ ಎರಡು ಸಲ ಹಾಕುವುದರಲ್ಲಿ ಲಾಭವಿದೆ. ಲೆಕ್ಕ ಹೀಗೆ: 1 ಕಿಲೋ ಸಿಪ್ಪೆ ಸೋಸಿದ ಮೇಲೂ 1 ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. 4 ಲೀಟರ್ ಒಮ್ಮೆಗೇ ಹಾಕಿದರೆ ಬಣ್ಣದ ನಾಲ್ಕರಲ್ಲಿ ಒಂದು ಪಾಲು ಸಿಪ್ಪೆಯಲ್ಲೇ ಉಳಿಯುತ್ತದೆ. ಅದೇ ನೀರನ್ನು 2 ಲೀಟರಿನಂತೆ ಎರಡು ಸಲ ಹಾಕಿ ಸೋಸಿದರೆ ಉಳಿಯುವುದು ಆರರಲ್ಲಿ ಒಂದು ಪಾಲು. ನೀರು ಅಷ್ಟೇ, ಸಿಪ್ಪೆ ಅಷ್ಟೇ. ಎರಡನೆಯ ನೀರು ತೆಳುವಾಗಿರುತ್ತದೆಂದು ಚೆಲ್ಲಬಾರದು. ಅದನ್ನೇ ಮುಂದಿನ ಸರದಿಯ ಹೊಸ ಸಿಪ್ಪೆಗೆ ಮೊದಲ ನೀರಾಗಿ ಹಾಕಿದರೆ ಗಟ್ಟಿ ರಸ ದೊರೆಯುತ್ತದೆ, ಆಮೇಲೆ ಇಂಗಿಸಲು ಸೌದೆಯೂ ಕಡಿಮೆ. ಆದರೆ ಅದೇ ದಿನ ಬಳಸಬೇಕು, ಇಟ್ಟರೆ ಹುದುಗುತ್ತದೆ.

ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳು ಬೇಡ. ಹುಳಿಗೆ ಲೋಹ ಬಿಟ್ಟುಕೊಂಡು ಬಣ್ಣವೂ ಕೆಡುತ್ತದೆ, ಕುಡಿಯುವವರಿಗೂ ಕೇಡು. ಸ್ಟೀಲ್, ಗಾಜು ಅಥವಾ ಹಳೆಯ ಕಲ್ಲಿನ ಮರಿಗೆ ಆಗಬಹುದು. ಸುಣ್ಣದ ಅಂಶ ಹೆಚ್ಚಿರುವ ಬಾವಿಯ ನೀರೂ ಒಳ್ಳೆಯದಲ್ಲ, ಏಕೆಂದರೆ ಈ ಕೆಂಪು ನಿಲ್ಲುವುದು ಹುಳಿಯಲ್ಲಿ. ಇದನ್ನು ಪರೀಕ್ಷೆಗೂ ಬಳಸಿಕೊಳ್ಳಬಹುದು. ಎರಡು ಚಮಚ ರಸವನ್ನು ಲೋಟ ನೀರಿಗೆ ಹಾಕಿ, ಅಡಿಗೆ ಸೋಡವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ. ಹಣ್ಣಿನ ಬಣ್ಣವಾದರೆ ಕೆಂಪು ಹೋಗಿ ನೀಲಿ, ಹಸಿರಿನತ್ತ ತಿರುಗುತ್ತದೆ. ಕೆಂಪು ಹಾಗೆಯೇ ನಿಂತರೆ ಬೇರೆ ಬಣ್ಣ ಬೆರೆತಿದೆ ಎಂದು ಸಂದೇಹಪಡಬೇಕು.

ಬೊಜ್ಜು ಕರಗಿಸುತ್ತದೆ, ಆ ರೋಗ ಈ ರೋಗ ವಾಸಿ ಮಾಡುತ್ತದೆ ಎಂಬ ಚೀಟಿ ಅಂಟಿಸಿ ಮಾರುವವರೂ ಇದ್ದಾರೆ. ಅಂಥ ಮಾತಿಗೆ ರೈತರು ಹೊಣೆಯಾಗಬೇಕಿಲ್ಲ. ಒಳ್ಳೆಯ ಬಣ್ಣದ, ಬೂಸಿಲ್ಲದ ಸಿಪ್ಪೆಗೆ ಬೇರೆ ಜಾಹೀರಾತು ಬೇಡ.

ಬೀಜವನ್ನೂ ತೊಳೆದು ಒಣಗಿಸಿಡಿ, ಮುರುಗಲು ತುಪ್ಪಕ್ಕೆ ಬರುತ್ತದೆ. ಒಣಗಿದ ಸಿಪ್ಪೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಕತ್ತಲೆಯ ಕೋಣೆಯಲ್ಲಿಟ್ಟು, ಮಳೆಗಾಲದಲ್ಲಿ ಆಗಾಗ ಮುಚ್ಚಳ ತೆಗೆದು ಜಿಗುಟು ಬಂದಿದೆಯೇ ಎಂದು ಕೈಯಾಡಿಸಿ ನೋಡಬೇಕು.