ಬೇಲಿ ಸಾಲಿನಲ್ಲಿ ಮಿಷನ್ ಓಡಿಸುವ ಮುನ್ನ



ಕುಪ್ಪಗಡ್ಡೆ ಹೋಬಳಿಯ ಕಡೆ ಬೇಲಿ ಎಂದರೆ ಹೆಸರಿಗೆ ಮಾತ್ರ ಕಂಬ ಮತ್ತು ತಂತಿ. ಕಣ್ಣಿಗೆ ಕಾಣುವುದು ಲಂಟಾನ, ಕಮ್ಯುನಿಸ್ಟ್ ಗಿಡ ಮತ್ತು ಅವುಗಳ ಮೇಲೆ ಹಬ್ಬಿದ ಬಳ್ಳಿ. ಎರಡು ಮಳೆಗಾಲ ಕೈಬಿಟ್ಟರೆ ಸಾಕು, ಹುಲ್ಲು ಬೆಳೆಯುತ್ತಿದ್ದ ಬೇಣ ಪೊದೆಯಾಗುತ್ತದೆ. ಹಿಂದೆ ಇದನ್ನು ಕತ್ತಿಯಿಂದ ಸವರಲು ಆಳುಗಳು ಸಿಗುತ್ತಿದ್ದರು. ಈಗ ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ಅಥವಾ ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಸ್ಲಾಷರ್ ಬಾಡಿಗೆಗೆ ತರಿಸುತ್ತೇವೆ. ವಾರದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ. ಮಿಷನ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದು ಮನೆಗೆ ಹೋದ ಮೇಲೆ ನೆಲದಲ್ಲಿ ಏನು ಉಳಿಯುತ್ತದೆ, ಅದು ಹೇಗೆ ನಿಮ್ಮ ಹಸುವಿನ ಹೊಟ್ಟೆ ಸೇರುತ್ತದೆ ಎಂಬುದನ್ನು ತಿಳಿಸುವುದು ಅಗತ್ಯವೆಂದು ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಎಂಟು ತಿಂಗಳ ಗಬ್ಬದ ಮಿಶ್ರತಳಿ ಹಸು ಮೇವು ಬಿಟ್ಟಿದೆ ಎಂದು ಕರೆ ಬಂತು. ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈಗಳನ್ನು ಹೊರಗೆ ಚಾಚಿ ನಿಂತಿತ್ತು. ಕೊಟ್ಟಿಗೆಯಿಂದ ಅಂಗಳಕ್ಕೆ ಇಳಿಯಲು ಒಪ್ಪಲಿಲ್ಲ. ಭುಜದ ಹಿಂದೆ ಬೆನ್ನನ್ನು ಹಿಡಿದು ಒತ್ತಿದರೆ ನರಳುತ್ತಿತ್ತು. ಅಜೀರ್ಣವೆಂದು ಮನೆಯವರು ನಾಲ್ಕು ದಿನ ಶುಂಠಿ ಕಷಾಯ ಕುಡಿಸಿದ್ದರು. ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆಸುವಷ್ಟರಲ್ಲಿ ಹಸು ಸತ್ತಿತು. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ಚೀಲದಲ್ಲಿ ಕೀವು, ಅದರೊಳಗೆ ಎರಡು ಅಂಗುಲದ ಮುಳ್ಳುತಂತಿಯ ತುಂಡು ಸಿಕ್ಕಿತು. ಮೈಯೆಲ್ಲ ತುಕ್ಕು ಹಿಡಿದಿದ್ದರೂ ಒಂದು ತುದಿ ಓರೆಯಾಗಿ ಕತ್ತರಿಸಿದಂತಿತ್ತು. ಆ ಮನೆಯವರು ಒಂದೂವರೆ ತಿಂಗಳ ಹಿಂದೆ ಬೇಲಿ ಸಾಲನ್ನು ಮಿಷನ್ನಿನಲ್ಲಿ ಸವರಿಸಿ, ಹುಲ್ಲು ಹಾಳಾಗಬಾರದೆಂದು ಒಟ್ಟು ಮಾಡಿ ಕೊಟ್ಟಿಗೆಗೆ ತಂದಿದ್ದರು.

ಇದು ಹೇಗಾಗುತ್ತದೆ ನೋಡಿ. ನಮ್ಮ ಮಲೆನಾಡಿನ ಮಳೆಗೆ ತಂತಿ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ಜೋತುಬೀಳುತ್ತದೆ, ಪೊದೆ ಅದನ್ನು ನುಂಗುತ್ತದೆ. ಕತ್ತಿಯಲ್ಲಿ ಸವರುವವನ ಕೈಗೆ ತಂತಿ ತಗುಲಿದ್ದು ಗೊತ್ತಾಗುತ್ತದೆ, ಅವನು ನಿಲ್ಲಿಸುತ್ತಾನೆ. ಸ್ಲಾಷರಿನ ಅಲಗಿಗೆ ಆ ತಾಳ್ಮೆ ಇಲ್ಲ. ತಂತಿಯನ್ನು ತುಂಡು ತುಂಡು ಮಾಡಿ ಹುಲ್ಲಿನೊಳಗೆ ಎಸೆಯುತ್ತದೆ. ಹಸುವಾದರೋ ನಾಲಿಗೆಯಿಂದ ಸುತ್ತಿ ಎಳೆದು ನುಂಗುವ ಪ್ರಾಣಿ. ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಕುದುರೆ, ಆಡುಗಳಂತೆ ತುಟಿಯಿಂದ ಆರಿಸಿ ತಿನ್ನಲು ಅದಕ್ಕೆ ಬರುವುದಿಲ್ಲ.

ನುಂಗಿದ ಲೋಹ ಭಾರವಾದ್ದರಿಂದ, ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಮುಂದಿರುವ, ಜೇನುಹುಟ್ಟಿನಂತೆ ಕಾಣುವ ಚಿಕ್ಕ ಚೀಲಕ್ಕೆ ಬಂದು ಬೀಳುತ್ತದೆ. ಅದರ ಮುಂದೆ ವಪೆ ಎಂಬ ತೆಳುವಾದ ಪರದೆ. ಪರದೆಯ ಆಚೆಗೆ ಹೃದಯ. ಈ ಚೀಲ ದಿನವಿಡೀ ಹಿಂಡುತ್ತಲೇ ಇರುತ್ತದೆ, ಒಂದೊಂದು ಹಿಂಡಿಗೂ ತಂತಿ ಸ್ವಲ್ಪ ಮುಂದೆ ಸರಿಯಬಹುದು. ಕೆಲವು ಹಸುಗಳಲ್ಲಿ ಅದು ತಿಂಗಳುಗಟ್ಟಲೆ ಸುಮ್ಮನಿದ್ದು, ಗಬ್ಬದ ಕೊನೆಯಲ್ಲಿ ಕರುವಿನ ಒತ್ತಡಕ್ಕೋ ಈಯುವಾಗಿನ ತಿಣುಕಾಟಕ್ಕೋ ಮುಂದೆ ಚುಚ್ಚುತ್ತದೆ. ಹಾಲು ಒಮ್ಮೆಲೇ ಇಳಿಯುವುದು, ಮೇವು ಬಿಡುವುದು, ಮೆಲುಕು ನಿಲ್ಲುವುದು, ಇಳಿಜಾರಿನಲ್ಲಿ ನಡೆಯಲು ಹೆದರುವುದು ಮೊದಲ ಲಕ್ಷಣಗಳು. ಈ ಹಂತದಲ್ಲಿ ವೈದ್ಯರನ್ನು ಕರೆಸಿದರೆ ದೊಡ್ಡ ಹೊಟ್ಟೆಯನ್ನು ತೆರೆದು ತಂತಿ ತೆಗೆಯಲು ಅವಕಾಶವಿದೆ. ಗಂಗೆದೊಗಲಿನಲ್ಲಿ ನೀರು ತುಂಬಿ ಬಾತು, ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿತೆಂದರೆ ಹೃದಯಕ್ಕೆ ತಲುಪಿದೆ ಎಂದೇ ಅರ್ಥ. ಆಗ ಉಳಿಸುವುದು ಬಹುತೇಕ ಕೈಮೀರಿದ ಮಾತು.

ಆದ್ದರಿಂದ ಮಿಷನ್ ಬರುವ ಹಿಂದಿನ ದಿನ ಬೇಲಿ ಸಾಲಿನ ಉದ್ದಕ್ಕೂ ಒಂದು ಸಲ ನಡೆಯಿರಿ. ಜೋತುಬಿದ್ದ ತಂತಿಯನ್ನು ಬಿಚ್ಚಿ ಸುರುಳಿ ಸುತ್ತಿ ಹೊರಗೆ ತನ್ನಿ. ಮೊಳೆ, ಸೀಸೆ, ಹಳೆಯ ತಗಡು ಏನಿದ್ದರೂ ಆರಿಸಿ. ತಂತಿಯ ಎರಡೂ ಬದಿ ಮೂರು ಮೂರು ಅಡಿಯನ್ನು ಮಿಷನ್ನಿಗೆ ಬಿಡದೆ ಕತ್ತಿಯಲ್ಲೇ ಸವರಿಸಿ. ಇಷ್ಟಕ್ಕೆ ಒಂದು ಆಳಿನ ಕೂಲಿ ಹೆಚ್ಚಾಗಬಹುದು, ಹಸುವಿನ ಬೆಲೆಯ ಮುಂದೆ ಅದು ಯಾವ ಲೆಕ್ಕ? ಮಿಷನ್ ಓಡುವಾಗ ಅದರಿಂದ ಐವತ್ತು ಅಡಿಯೊಳಗೆ ಜನ, ದನ, ಮಕ್ಕಳು ಇರಬಾರದು. ಅಲಗಿಗೆ ಸಿಕ್ಕಿದ ಕಲ್ಲು, ತಂತಿ ಗುಂಡಿನಂತೆ ಹಾರುತ್ತದೆ. ಓಡಿಸುವವರಿಗೆ ಕನ್ನಡಕ ಮತ್ತು ಮೊಣಕಾಲವರೆಗಿನ ಬೂಟು ಕಡ್ಡಾಯ.

ಕತ್ತರಿಸಿದ ಮೇಲೆ ಬೇಲಿ ಸಾಲಿನ ಹುಲ್ಲನ್ನು ದನಕ್ಕೆ ಹಾಕಲೇಬೇಡಿ. ಮೇವು ಕತ್ತರಿಸುವ ಯಂತ್ರಕ್ಕಂತೂ ಕೊಡಲೇಬೇಡಿ, ಅದು ತಂತಿಯನ್ನು ಇನ್ನೂ ಚಿಕ್ಕದು ಮಾಡುತ್ತದೆ. ಆ ಹುಲ್ಲು ಅಡಿಕೆ ಮರದ ಬುಡಕ್ಕೆ ಮುಚ್ಚಿಗೆಯಾಗಲಿ. ಗುಜರಿ ಅಂಗಡಿಯಲ್ಲಿ ಹಳೆಯ ಧ್ವನಿವರ್ಧಕದ ಆಯಸ್ಕಾಂತ ಸಿಗುತ್ತದೆ. ಅದನ್ನು ಕೋಲಿನ ತುದಿಗೆ ಕಟ್ಟಿ ಸವರಿದ ಜಾಗದಲ್ಲೆಲ್ಲ ಆಡಿಸಿ, ಎಷ್ಟು ಚೂರು ಅಂಟಿಕೊಳ್ಳುತ್ತದೆಂದು ನೀವೇ ನೋಡಿ. ಹಸುವಿಗೆ ನುಂಗಿಸುವ ಆಯಸ್ಕಾಂತವೂ ಇದೆ. ಒಮ್ಮೆ ನುಂಗಿಸಿದರೆ ಅದೇ ಚೀಲದಲ್ಲಿ ಉಳಿದು, ಬಂದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಇದು ತಾಮ್ರ, ಅಲ್ಯೂಮಿನಿಯಂ ತಂತಿಗೆ ನಡೆಯುವುದಿಲ್ಲ, ವೈದ್ಯರಿಂದಲೇ ಹಾಕಿಸಬೇಕು.

ಎರಡನೆಯ ಅಪಾಯ ಲಂಟಾನದ್ದು. ನಿಂತ ಗಿಡವನ್ನು ಊರ ದನ ಸಾಮಾನ್ಯವಾಗಿ ಮೂಸಿ ಬಿಡುತ್ತದೆ. ಮಿಷನ್ನಿನಲ್ಲಿ ಚೂರಾಗಿ, ಬಾಡಿ, ಹುಲ್ಲಿನೊಂದಿಗೆ ಬೆರೆತಾಗ ಹಸಿದ ದನಕ್ಕೆ, ಅದರಲ್ಲೂ ಹೊರಗಿನಿಂದ ಹೊಸದಾಗಿ ತಂದ ಹಸುವಿಗೆ ಅದು ತಿಳಿಯುವುದಿಲ್ಲ. ಬಾಡಿದ ಮಾತ್ರಕ್ಕೆ ವಿಷ ಹೋಗುವುದೂ ಇಲ್ಲ. ಎಲೆಯ ವಿಷ ಯಕೃತ್ತನ್ನು ಕೆಡಿಸುತ್ತದೆ. ಒಂದೆರಡು ದಿನದಲ್ಲಿ ಸಗಣಿ ಗಟ್ಟಿಯಾಗಿ ಮೇವು ಬಿಡುತ್ತದೆ, ಕಣ್ಣು ಹಳದಿಯಾಗುತ್ತದೆ. ಬಿಸಿಲಿಗೆ ಬಿಟ್ಟರೆ ಮೂತಿ ಕೆಂಪಾಗಿ, ಬಿಳಿ ಮಚ್ಚೆ ಇರುವ ಕಡೆ ಚರ್ಮ ಸುಟ್ಟಂತೆ ಬಿರಿಯುತ್ತದೆ. ಕಪ್ಪು ಬಿಳಿ ಬಣ್ಣದ ಎಚ್‌.ಎಫ್‌. ಹಸುಗಳಲ್ಲಿ ಇದು ಎದ್ದು ಕಾಣುತ್ತದೆ. ಕೂಡಲೇ ನೆರಳಿಗೆ ಕಟ್ಟಿ ವೈದ್ಯರಿಗೆ ತಿಳಿಸಿ. ದೊಡ್ಡ ಹೊಟ್ಟೆಯಲ್ಲಿ ಉಳಿದ ಎಲೆಯಿಂದ ವಿಷ ರಕ್ತಕ್ಕೆ ಸೇರುತ್ತಲೇ ಇರುವುದರಿಂದ ತಾನಾಗಿ ಇಳಿಯಲೆಂದು ಕಾಯಬಾರದು.

ಮೇಲಾಗಿ, ಲಂಟಾನವನ್ನು ಬರೀ ಸವರಿದರೆ ಬುಡದಿಂದ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನದಲ್ಲಿ, ತಾಯಿಬೇರನ್ನು ನೆಲಮಟ್ಟದಿಂದ ಒಂದೆರಡು ಅಂಗುಲ ಕೆಳಗೆ ಕಡಿದು, ಬುಡ ಮೇಲಾಗುವಂತೆ ಗಿಡವನ್ನು ಮಗುಚಿ ಇಡುತ್ತಾರೆ. ಮಿಷನ್ ದಾರಿ ಮಾಡಿಕೊಡಲಿ, ಬುಡಕ್ಕೆ ಗುದ್ದಲಿಯೇ ಆಗಬೇಕು.

ಇನ್ನು ಉಣುಗು. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯ ಪುಸ್ತಕಗಳಲ್ಲಿ ಇಂದಿಗೂ ಅದಕ್ಕೆ ಆ ಊರಿನ ಹೆಸರೇ ಇದೆ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ಕಾಯಿಲೆ ಭಾರಿ ಪ್ರಮಾಣದಲ್ಲಿ ಹಬ್ಬಿತ್ತು. ದನ ಈ ಕಾಯಿಲೆಯನ್ನು ಹರಡುವುದಿಲ್ಲ, ಆದರೆ ಬೆಳೆದ ಉಣುಗುಗಳಿಗೆ ರಕ್ತ ಕೊಟ್ಟು ಸಾಕುತ್ತದೆ. ಒಂದೊಂದು ಹೆಣ್ಣು ಉಣುಗು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಎಳ್ಳುಕಾಳಿನಂತಹ ಮರಿ ಉಣುಗು, ಅದರ ಕಾಲ ನವೆಂಬರಿನಿಂದ ಮೇವರೆಗೆ.

ನಾವು ಬೇಲಿ ಸವರಲು ಹೊರಡುವುದು ಯಾವಾಗ? ಭತ್ತದ ಒಕ್ಕಲು, ಅಡಿಕೆ ಕೊಯ್ಲು ಮುಗಿಸಿ ಜನವರಿ, ಫೆಬ್ರವರಿಯಲ್ಲಿ! ಆಗ ಮರಿ ಉಣುಗು ತುಂಬಿರುತ್ತದೆ, ನೆಲ ಗಟ್ಟಿಯಾಗಿ ಬೇರು ಬರುವುದಿಲ್ಲ, ಕಮ್ಯುನಿಸ್ಟ್ ಗಿಡದ ಬೀಜ ಗಾಳಿಗೆ ಹಾರುತ್ತಿರುತ್ತದೆ, ಹಸಿರು ಮೇವಿಲ್ಲದ ದನ ಲಂಟಾನಕ್ಕೂ ಬಾಯಿ ಹಾಕುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮಳೆ ಹೊಳವಾದ ದಿನ ನೋಡಿ ಈ ಕೆಲಸ ಹಿಡಿದರೆ ನಾಲ್ಕೂ ತಪ್ಪುತ್ತವೆ. ಅನಿವಾರ್ಯವಾಗಿ ಬೇಸಿಗೆಯಲ್ಲೇ ಮಾಡುವುದಾದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ನೆನೆಹಾಕಿ. ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ ಆ ಜಾಗಕ್ಕೆ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ದನದ ಮೈಗೆ ಉಣುಗಿನ ಔಷಧಿ ಹಾಕಿಸುವಾಗ ಎಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬಾರದೆಂದು ವೈದ್ಯರನ್ನು ಕೇಳಲು ಮರೆಯಬೇಡಿ.

ತೆರವಾದ ಜಾಗವನ್ನು ಖಾಲಿ ಬಿಟ್ಟರೆ ಮುಂದಿನ ಮಳೆಗೆ ಅದೇ ಪೊದೆ. ಬೇಲಿ ಗೂಟವಾಗಿ ಗೊಬ್ಬರದ ಗಿಡದ ಕಡ್ಡಿ ನೆಡಿ, ಒಳಬದಿಗೆ ನೆರಳಿದ್ದಲ್ಲಿ ಗಿನಿ ಹುಲ್ಲು, ಬಿಸಿಲಿದ್ದಲ್ಲಿ ನೇಪಿಯರ್ ಕಡ್ಡಿ ಹಾಕಿ. ಬೇಲಿ ಸವರಿದ ನಂತರ ಯಾವುದೇ ಹಸು ಕಾರಣವಿಲ್ಲದೆ ಹಾಲು ಇಳಿಸಿದರೆ, ಕಷಾಯಕ್ಕೆ ಕೈಹಾಕುವ ಮೊದಲು ನಿಮ್ಮ ಸಂಘದ ಕಾರ್ಯದರ್ಶಿಯ ಮೂಲಕ ವೈದ್ಯರಿಗೆ ಕರೆ ಕಳುಹಿಸಿ, ಬೇಲಿ ಸವರಿಸಿದ ದಿನಾಂಕವನ್ನೂ ಹೇಳಿ.