ಮುಧೋಳ ನಾಯಿಗೆ ಬುದ್ಧಿ ಕಮ್ಮಿಯೇ?



ಹೋದ ವಾರದ ಪತ್ರಗಳಲ್ಲಿ ಒಂದು ಭೋರ್‌ನಿಂದ ಬಂದದ್ದು. ಬಾಗಲಕೋಟೆ ಕಡೆಯ ಕುಟುಂಬ. ಊರಿನಿಂದ ತಂದ ಮುಧೋಳ ನಾಯಿಗೆ ಈಗ ಹತ್ತು ತಿಂಗಳು. "ಪಕ್ಕದ ಮನೆಯ ಲ್ಯಾಬ್ರಡಾರ್ ಒಂದೇ ವಾರದಾಗ ಕೂಡೋದು, ಕೈ ಕೊಡೋದು ಕಲಿತು. ನಮ್ದು ಮೂರು ತಿಂಗಳಾದ್ರೂ ಕರೆದ್ರ ಬರಂಗಿಲ್ಲ. ಬುದ್ಧಿ ಕಮ್ಮಿ ಅಂತಾರ. ಯಾರಿಗಾದ್ರೂ ಕೊಟ್ಟುಬಿಡೋಣೇನು?" ಎಂದು ಕೇಳಿದ್ದಾರೆ. ಕೊಡುವ ಮುಂಚೆ ಒಂದೆರಡು ಮಾತು.

ನಾಯಿಗಳ ಬುದ್ಧಿಗೆ ರ್‍ಯಾಂಕ್ ಕೊಟ್ಟವರು ಸ್ಟ್ಯಾನ್ಲಿ ಕೋರನ್ ಎಂಬ ಮನಶ್ಶಾಸ್ತ್ರಜ್ಞರು, 1994ರಲ್ಲಿ. ಬಾರ್ಡರ್ ಕೋಲಿ ಮೊದಲು, ಅಫ್ಘನ್ ಹೌಂಡ್ ಕೊನೆಗೆ. ಮೇಲಿನವು ಹೊಸ ಆಜ್ಞೆಯನ್ನು ಐದು ಸಲಕ್ಕಿಂತ ಕಡಿಮೆ ಹೇಳಿದರೆ ಕಲಿಯುತ್ತವೆ, ಕೆಳಗಿನವಕ್ಕೆ ಎಂಬತ್ತರಿಂದ ನೂರು ಸಲ ಬೇಕು. ಆದರೆ ಆ ಪಟ್ಟಿ ಅಳೆದದ್ದು ಹೇಳಿದ ಮಾತು ಕೇಳುವ ಗುಣವನ್ನು ಮಾತ್ರ. ಹುಟ್ಟುಗುಣದ ಜಾಣತನ, ತಾನೇ ಸಮಸ್ಯೆ ಬಿಡಿಸುವ ಜಾಣತನ ಬೇರೆ ಎಂದು ಕೋರನ್ ಅವರೇ ಬರೆದಿದ್ದಾರೆ. (ಮಾತು ಕೇಳುವವರೇ ಜಾಣರು ಎಂಬ ನಂಬಿಕೆ ಕೆಲವು ಆಫೀಸುಗಳಲ್ಲೂ ಇದೆ, ಬಿಡಿ!)

ಲ್ಯಾಬ್ರಡಾರ್ ತಳಿ ಬೆಳೆದದ್ದೇ ಬೇಟೆಗಾರನ ಮುಖ ನೋಡಿ, ಹೇಳಿದ್ದನ್ನು ಎತ್ತಿ ತರುವುದಕ್ಕೆ. ಮುಧೋಳದ್ದು ಬೇರೆ ಕಸುಬು. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲ ಎದ್ದರೆ ಯಜಮಾನನ ಅಪ್ಪಣೆಗೆ ಕಾಯುತ್ತ ನಿಂತರೆ ಮೊಲ ಹೋಯಿತು! ಯಾವ ಕಡೆ ತಿರುಗಬೇಕು ಎಂಬುದನ್ನು ಓಡುತ್ತಲೇ ತಾನೇ ತೀರ್ಮಾನಿಸಬೇಕು. ಭೋರ್‌ನಂತೆ ಮುಧೋಳವೂ ಒಂದು ಸಂಸ್ಥಾನವಾಗಿತ್ತು. ಅಲ್ಲಿನ ಘೋರ್ಪಡೆ ಅರಸರು ಈ ತಳಿಯನ್ನು ಮೆಚ್ಚಿ ಬೆಳೆಸಿದ್ದು ಈ ಗುಣಕ್ಕಾಗಿಯೇ. ಅದನ್ನೇ ನಾವು ಈಗ ದಡ್ಡತನ ಅನ್ನುತ್ತಿದ್ದೇವೆ. ಕಲಿಯಲಾರದ ನಾಯಿಯಾಗಿದ್ದರೆ 2016ರಲ್ಲಿ ನಮ್ಮ ಸೇನೆ ಮುಧೋಳ ಮರಿಗಳನ್ನು ಮೀರತ್‌ಗೆ ತರಬೇತಿಗೆ ಕರೆಸಿಕೊಳ್ಳುತ್ತಿತ್ತೇ?

ಪತ್ರದಲ್ಲಿ ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಅಪ್ಪ "ಕೂಡು" ಅನ್ನುತ್ತಾರೆ, ಮಕ್ಕಳು "ಸಿಟ್", ಕೆಲಸಕ್ಕೆ ಬರುವ ಮಾವಶಿ "ಬಸ್". ನಮ್ಮ ಹೊರನಾಡ ಮನೆಗಳ ಕಥೆಯೇ ಇದು! ನಮಗೆ ಮೂರೂ ಒಂದೇ. ನಾಯಿಗೆ ಅವು ಮೂರು ಬೇರೆ ಬೇರೆ ಸದ್ದು. ಮನೆಮಂದಿಯೆಲ್ಲ ಒಂದೇ ಪದಕ್ಕೆ ಒಪ್ಪಿಕೊಳ್ಳಿ, ಜೊತೆಗೆ ಒಂದೇ ಕೈಸನ್ನೆ ಇರಲಿ. ಮಾತಿಗಿಂತ ಸನ್ನೆ ನಾಯಿಗೆ ಬೇಗ ತಿಳಿಯುತ್ತದೆ. ಮನುಷ್ಯ ಬೆರಳು ತೋರಿಸಿದ ಬಟ್ಟಲನ್ನು ತರಬೇತಿಯೇ ಇಲ್ಲದ ಬೀದಿನಾಯಿಗಳೂ ಗುರುತಿಸುತ್ತವೆ ಎಂದು ಕೋಲ್ಕತ್ತದ ಐಸರ್ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ.

ಪಾಠ ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಸರಿಯಾಗಿ ಮಾಡಿದ ಆ ಕ್ಷಣದಲ್ಲೇ ತಿನಿಸು ಕೊಡಿ. ಒಳಗೆ ಹೋಗಿ ಡಬ್ಬಿ ತೆಗೆದು ತರುವಷ್ಟರಲ್ಲಿ ಯಾತಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಅಡುಗೆಮನೆಯಲ್ಲಿ ಕಲಿತದ್ದು ಅಂಗಳದಲ್ಲಿ ಮರೆತಂತೆ ಕಂಡರೆ ಬೇಸರ ಬೇಡ, ಜಾಗ ಬದಲಾದರೆ ಮೊದಲಿನಿಂದ ಹೇಳಿಕೊಡಬೇಕು. ಬಯಲಿಗೆ ಕರೆದೊಯ್ಯುವಾಗ ಉದ್ದನೆಯ ಹಗ್ಗ ಇರಲಿ. ಆಡಿನ ಹಿಂಡು ಕಂಡು ಓಟ ಕಿತ್ತ ಮುಧೋಳವನ್ನು ಕೂಗಿ ನಿಲ್ಲಿಸುವುದು ಆಗದ ಮಾತು.

ಚಪ್ಪಲಿ ಕಡಿದು ತಲೆ ತಗ್ಗಿಸಿ ಕೂತಿದೆ, ತಪ್ಪು ಗೊತ್ತಾಗಿದೆ ಅನ್ನುತ್ತೇವಲ್ಲ? ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪರೀಕ್ಷಿಸಿದಾಗ, ತಪ್ಪೇ ಮಾಡದ ನಾಯಿಯೂ ಯಜಮಾನ ಗದರಿದರೆ ಅದೇ ಮುಖ ಮಾಡಿತು. ಆದ್ದರಿಂದ ಓಡಿಹೋಗಿ ಅರ್ಧ ಗಂಟೆ ಬಿಟ್ಟು ಬಂದ ನಾಯಿಗೆ ದಯವಿಟ್ಟು ಹೊಡೆಯಬೇಡಿ. ಓಡಿದ್ದಕ್ಕೆ ಏಟು ಬಿತ್ತೆಂದು ಅದಕ್ಕೆ ಅನಿಸುವುದಿಲ್ಲ, ಮನೆಗೆ ಬಂದದ್ದಕ್ಕೆ ಬಿತ್ತು ಅನಿಸುತ್ತದೆ.