‘ನಿನ್ನೆ’ ಎಂಬ ಪದ ಹಾಡಾದ ಬಗೆ

1965ರ ಮೇ ತಿಂಗಳಿನಲ್ಲಿ ಲಿಸ್ಬನ್ನಿನಿಂದ ಪೋರ್ಚುಗಲ್ಲಿನ ದಕ್ಷಿಣ ತೀರದ ಅಲ್ಬುಫೈರಾ ಊರಿಗೆ ಸಾಗುತ್ತಿದ್ದ ಕಾರೊಂದರಲ್ಲಿ, ಪಕ್ಕದಲ್ಲಿ ಗೆಳತಿ ನಿದ್ರಿಸುತ್ತಿರಲಾಗಿ, ಇಪ್ಪತ್ತೆರಡರ ತರುಣರೊಬ್ಬರು ಮೂರಕ್ಷರದ ಪದವೊಂದನ್ನು ಅರಸುತ್ತಿದ್ದರು. ಅವರು ಲಿವರ್‌ಪೂಲಿನ ಪಾಲ್ ಮೆಕಾರ್ಟ್ನಿ, ಅಂದಿಗಾಗಲೇ ಲೋಕವಿಖ್ಯಾತವಾಗಿದ್ದ ಬೀಟಲ್ಸ್ ವೃಂದದ ಗಾಯಕರಲ್ಲಿ ಒಬ್ಬರು. ಹಾಡಿನ ಧಾಟಿ ಸಿದ್ಧವಾಗಿ ಬಹುಕಾಲವಾಗಿದ್ದಿತು. ಒದಗದೆ ನಿಂತಿದ್ದುದು ಮಾತು.

ಆ ಧಾಟಿ ದೊರೆತ ಪರಿಯೇ ವಿಲಕ್ಷಣವಾದುದು. ಲಂಡನ್ನಿನ ವಿಂಪೋಲ್ ಬೀದಿಯ 57ನೆಯ ಸಂಖ್ಯೆಯ ಮನೆಯಲ್ಲಿ, ಮಾಳಿಗೆಯ ಮೇಲಣ ಕಿರುಕೋಣೆಯಲ್ಲಿ ಮಲಗಿದ್ದಾಗ ಕನಸಿನಲ್ಲಿ ಕೇಳಿಸಿದ ಸ್ವರಸಂಚಾರವು ಎಚ್ಚರವಾದ ಮೇಲೂ ಕಿವಿಯನ್ನು ಬಿಡದೆ ನಿಂತಿದ್ದುದರಿಂದ, ಹಾಸಿಗೆಯ ಬಳಿಯಲ್ಲಿಯೇ ಇದ್ದ ಪಿಯಾನೋದ ಮೇಲೆ ಅವರು ಅದನ್ನು ಒಡನೆಯೇ ನುಡಿಸಿ ಉಳಿಸಿಕೊಂಡರು. ಆದರೆ ಇಷ್ಟು ಅನಾಯಾಸವಾಗಿ ಬಂದದ್ದು ತಮ್ಮದಾಗಿರಲಾರದು, ಎಂದೋ ಕೇಳಿ ಮರೆತ ಪರಕೀಯ ಕೃತಿಯೊಂದು ನಿದ್ರೆಯಲ್ಲಿ ಮರಳಿ ಬಂದಿರಬೇಕು ಎಂಬ ಶಂಕೆ ಬಾಧಿಸಲು, ವಾರಗಟ್ಟಲೆ ಬಲ್ಲವರನ್ನೆಲ್ಲ ಕಂಡು, ನುಡಿಸಿ ತೋರಿಸಿ, ಇದು ಯಾರದೆಂದು ವಿಚಾರಿಸುತ್ತಿದ್ದರು. ಪರರ ಸೊತ್ತನ್ನು ಅರಿಯದೆಯೂ ಅಪಹರಿಸಬಾರದೆಂಬ ಆ ಅಳುಕು ನನಗೆ ಧಾಟಿಯಷ್ಟೇ ಸುಂದರವಾಗಿ ತೋರುತ್ತದೆ. ಯಾರೂ ಹಕ್ಕು ಹೇಳದಿದ್ದ ಮೇಲೆಯೇ ಅದು ತಮ್ಮದೆಂದು ಒಪ್ಪಿಕೊಂಡರು.

ಸ್ವರಗಳ ಅಳತೆ ಮರೆಯದಿರಲೆಂದು ಅಲ್ಲಿಯವರೆಗೆ ಅವರು ಹಾಡಿಕೊಳ್ಳುತ್ತಿದ್ದುದು ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಎಂದು. ನಮ್ಮ ಮೊಟ್ಟೆ ಬುರ್ಜಿಗೆ ಸಮೀಪದ ಒಂದು ಉಪಾಹಾರದ ಹೆಸರು ಅದು. ‘ಹೆಲ್ಪ್’ ಚಿತ್ರದ ಚಿತ್ರೀಕರಣದ ಕಾಲದಲ್ಲಿ ಇದನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದುದನ್ನು ಕೇಳಿ ಕೇಳಿ ನಿರ್ದೇಶಕ ರಿಚರ್ಡ್ ಲೆಸ್ಟರರು ಬೇಸತ್ತರಂತೆ. ಕಡೆಗೆ ಆ ಪೋರ್ಚುಗಲ್ಲಿನ ದಾರಿಯಲ್ಲಿ, ಮೊಟ್ಟೆಯಿದ್ದ ಸ್ಥಾನದಲ್ಲಿ ಮೂರೇ ಅಕ್ಷರದ ‘ಯೆಸ್ಟರ್‌ಡೇ’ ಬಂದು ಕುಳಿತಿತು. ಅರ್ಥವು ಮೊದಲು ಹುಟ್ಟಿ ಛಂದಸ್ಸನ್ನು ಹುಡುಕಿಕೊಂಡು ಹೋದುದಲ್ಲ. ಛಂದಸ್ಸಿನ ತೆರವೇ ಅರ್ಥವನ್ನು ಕರೆದುಕೊಂಡಿತು. ನಮ್ಮ ‘ನಿನ್ನೆ’ಯೂ ಒಂದು ಗುರು ಒಂದು ಲಘುವಾಗಿ ಮೂರು ಮಾತ್ರೆಗಳ ಪದ, ಎಡೆ ದೊರೆತರೆ ಅದೂ ಹೀಗೆಯೇ ನೆಲಸಬಲ್ಲುದು.

ಜೂನ್ 14ರಂದು ಲಂಡನ್ನಿನ ಆ್ಯಬಿ ರಸ್ತೆಯ ಸ್ಟುಡಿಯೋದಲ್ಲಿ ಮೆಕಾರ್ಟ್ನಿಯವರು ಗಿಟಾರ್ ಹಿಡಿದು ಒಬ್ಬರೇ ಹಾಡಿದರು. ವೃಂದದ ಉಳಿದ ಮೂವರಿಗೆ ಅದರಲ್ಲಿ ಪಾತ್ರವೇ ಇರಲಿಲ್ಲ. ಅದೇ ದಿನ ಅದೇ ಕಂಠ ಆರ್ಭಟದ ಹಾಡೊಂದನ್ನೂ ಮುದ್ರಿಸಿತೆಂಬುದು ಆಶ್ಚರ್ಯದ ಸಂಗತಿ. ಎರಡು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೋ ಕೂಡಿದ ತಂತೀವಾದ್ಯಗಳ ಚತುಷ್ಕವನ್ನು ಸೇರಿಸುವ ಸಲಹೆಯಿತ್ತವರು ನಿರ್ಮಾಪಕ ಜಾರ್ಜ್ ಮಾರ್ಟಿನರು; ಹಾಡು ಅತಿ ಮಧುರವಾಗಿ ಸಪ್ಪೆಯಾದೀತೆಂದು ಅಂಜಿದ ಮೆಕಾರ್ಟ್ನಿಯವರು, ನಮ್ಮ ಕಂಪಿತ ಗಮಕವನ್ನು ಹೋಲುವ ಸ್ವರದ ನಡುಕವನ್ನು ಆದಷ್ಟು ಬಿಟ್ಟು ನೇರವಾಗಿ ನುಡಿಸಬೇಕೆಂದು ಕೇಳಿಕೊಂಡರು. ಜೂನ್ 17ರಂದು ಆ ಕಾರ್ಯವೂ ಮುಗಿಯಿತು. ಎಂಟೆಂಟು ಆವರ್ತಗಳಲ್ಲಿ ನಡೆಯುವುದು ಇಂಥ ಹಾಡುಗಳ ವಾಡಿಕೆಯಾದರೆ, ಇದರ ಚರಣ ಏಳಕ್ಕೇ ಮುಗಿಯುತ್ತದೆ. ಕಳೆದುಕೊಂಡವನ ಮಾತು ನಿರೀಕ್ಷೆಗೆ ಮುಂಚೆಯೇ ಗಂಟಲಿನಲ್ಲಿ ನಿಂತುಹೋದಂತೆ ನನಗೆ ಕೇಳಿಸುವುದು ಅಲ್ಲಿಯೇ. ಎರಡು ನಿಮಿಷವನ್ನು ಸ್ವಲ್ಪವೇ ಮೀರುವ ಈ ಹಾಡು ಅಕ್ಟೋಬರ್ 9ರಂದು ಅಮೆರಿಕದ ಜನಪ್ರಿಯತೆಯ ಪಟ್ಟಿಯ ಅಗ್ರಸ್ಥಾನಕ್ಕೇರಿ ನಾಲ್ಕು ವಾರ ಅಲ್ಲಿದ್ದಿತು. ಅಗಲಿದವಳು ಏತಕ್ಕೆ ಅಗಲಿದಳೆಂಬುದನ್ನು ಹಾಡು ಹೇಳುವುದಿಲ್ಲ. ತಮಗೆ ಹದಿನಾಲ್ಕು ತುಂಬಿದ್ದಾಗ, 1956ರಲ್ಲಿ, ತೀರಿಕೊಂಡ ತಾಯಿ ಮೇರಿಯವರೇ ಅರಿವಿಗೆ ಬಾರದೆ ಅದರೊಳಗೆ ಸೇರಿರಬಹುದೆಂದು ಮೆಕಾರ್ಟ್ನಿಯವರು ವೃದ್ಧಾಪ್ಯದಲ್ಲಿ ಹೇಳಿಕೊಂಡಿದ್ದಾರೆ.

ಆದರೂ ಹಾಡಿನ ಶಿರೋನಾಮೆಯಾಗುವ ಯೋಗ ಆ ಪದಕ್ಕೆ ಅಂದೇ ಮೊದಲಿಗೆ ಬಂದುದಲ್ಲ. ಮೂವತ್ತೆರಡು ವರ್ಷ ಮುಂಚೆ, 1933ರ ನವೆಂಬರಿನಲ್ಲಿ, ನ್ಯೂಯಾರ್ಕಿನ ರಂಗಭೂಮಿಯನ್ನೇರಿದ ‘ರಾಬರ್ಟಾ’ ಎಂಬ ಗೀತನಾಟಕಕ್ಕಾಗಿ ಜೆರೋಮ್ ಕರ್ನರು ಸ್ವರ ಹಾಕಿ, ಆಟೋ ಹಾರ್ಬಕ್ಕರು ಮಾತು ಜೋಡಿಸಿದ ‘ಯೆಸ್ಟರ್‌ಡೇಸ್’ ಇದ್ದಿತು. ಅದನ್ನು ಹಾಡಿದವರು, ಹಿಂದಿನ ತಲೆಮಾರಿನ ರಂಗತಾರೆಯಾಗಿದ್ದು ಆಗ 67ರ ವಯೋವೃದ್ಧೆಯಾಗಿದ್ದ ಫೇ ಟೆಂಪಲ್ಟನ್. ಅಂದಿಗೇ ಬಳಕೆ ತಪ್ಪಿದ್ದ ಹಳೆಯ ಇಂಗ್ಲಿಷ್ ಮಾತುಗಳನ್ನು ಹಾರ್ಬಕ್ಕರು ಬೇಕೆಂದೇ ಅಲ್ಲಿ ತಂದಿದ್ದರು. ಅಲ್ಲಿ ಪದ ಬಹುವಚನದಲ್ಲಿದೆ. ಸಂದುಹೋದ ಯುಗವೆಂಬುದೇ ಅದರ ಅರ್ಥ. ಮೆಕಾರ್ಟ್ನಿಯವರದು ಏಕವಚನ, ಅದು ಯುಗವಲ್ಲ, ಒಂದೇ ಒಂದು ಹಗಲು, ಇನ್ನೂ ಆರದ ಗಾಯ.

ಇಲ್ಲಿ ಪದದ ವಂಶಾವಳಿಯ ಮಾತನ್ನು ಆಡದೆ ಮುಂದೆ ಹೋಗಲು ಮನಸ್ಸು ಬಾರದು. ಇಂಗ್ಲಿಷಿನ ‘ಯೆಸ್ಟರ್’, ಜರ್ಮನ್ನಿನ ‘ಗೆಸ್ಟರ್ನ್’, ಲ್ಯಾಟಿನ್ನಿನ ‘ಹೆರಿ’, ಅದರಿಂದ ಇಳಿದ ಫ್ರೆಂಚಿನ ‘ಇಯೇರ್’, ನಮ್ಮ ಸಂಸ್ಕೃತದ ‘ಹ್ಯಃ’, ಇವೆಲ್ಲವೂ ಒಂದೇ ಪ್ರಾಚೀನ ಮೂಲದ ಸಂತತಿ. ಆದಕಾರಣ 1964ರಲ್ಲಿ ಪ್ಯಾರಿಸ್ಸಿನ ಶಾರ್ಲ್ ಅಜ್ನವೂರರು ‘ಇಯೇರ್ ಆಂಕೋರ್’ ಎಂದು ಹಾಡಿದಾಗ ನುಡಿ ಬೇರೆಯಾದರೂ ಪದ ದಾಯಾದಿಯದೇ. ವಲಸೆ ಬಂದ ಆರ್ಮೇನಿಯನ್ ತಾಯಿತಂದೆಯರ ಮಗನಾದ ಅವರಿಗೆ ಆಗ ನಲವತ್ತು. ಇಪ್ಪತ್ತರ ಹರೆಯ ನಿನ್ನೆಯಷ್ಟೇ ಇದ್ದಂತಿದೆ, ಅದನ್ನು ವ್ಯರ್ಥವಾಗಿ ಚೆಲ್ಲಿದೆನಲ್ಲ ಎಂಬ ಪರಿತಾಪವೇ ಅದರ ವಸ್ತು. ‘ನಿನ್ನೆ ಮೊನ್ನೆ ಆದ ಹಾಗಿದೆ’ ಎಂದು ಮದುವೆಯ ಚಪ್ಪರದಲ್ಲಿ ಕುಳಿತು ನಿಟ್ಟುಸಿರಿಡುವ ನಮ್ಮ ಹಿರಿಯರಿಗೆ ಈ ಹಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರ್ಬರ್ಟ್ ಕ್ರೆಟ್ಸ್‌ಮರರು ಅದನ್ನು ಇಂಗ್ಲಿಷಿಗೆ ತಂದರು. 1969ರಲ್ಲಿ ಅಮೆರಿಕದ ರಾಯ್ ಕ್ಲಾರ್ಕರ ಕಂಠದಲ್ಲಿ ಅದು ಮನೆಮನೆಗೂ ಮುಟ್ಟಿತು. ತಮ್ಮ ಅಂತ್ಯಕ್ರಿಯೆಯಲ್ಲಿ ಈ ಹಾಡಾಗಬೇಕೆಂದು ಬೇಸ್‌ಬಾಲ್ ವೀರ ಮಿಕಿ ಮ್ಯಾಂಟಲರು ಕೇಳಿಕೊಂಡಿದ್ದರು. 1995ರಲ್ಲಿ ಕ್ಲಾರ್ಕರು ಶವಪೆಟ್ಟಿಗೆಯ ಸನ್ನಿಧಿಯಲ್ಲಿ ಆ ಮಾತನ್ನು ನಡೆಸಿಕೊಟ್ಟರು.

1973ರ ‘ಯೆಸ್ಟರ್‌ಡೇ ಒನ್ಸ್ ಮೋರ್’ ಹಾಡಿನಲ್ಲಿ ‘ನಿನ್ನೆ’ಯ ಅರ್ಥ ಇನ್ನೊಂದು ತಿರುವನ್ನು ಪಡೆಯಿತು. ರಿಚರ್ಡ್ ಕಾರ್ಪೆಂಟರ್ ಮತ್ತು ಜಾನ್ ಬೆಟಿಸ್ ಕೂಡಿ ರಚಿಸಿದ ಈ ಹಾಡು ಪ್ರಿಯರನ್ನು ಕುರಿತದ್ದಲ್ಲ. ರೇಡಿಯೋ ಪಕ್ಕದಲ್ಲಿ ಕಾದು ಕುಳಿತು ಕೇಳಿದ ಹಳೆಯ ಹಾಡುಗಳನ್ನು ಕುರಿತದ್ದು. ಹಾಡೇ ಹಾಡಿಗಾಗಿ ಹಂಬಲಿಸುವುದು! ರಿಚರ್ಡರು ತಂಗಿ ಕ್ಯಾರನ್ನರೊಡನೆ ಹೊರತಂದ ‘ನೌ ಅಂಡ್ ದೆನ್’ ಎಂಬ ಧ್ವನಿಮುದ್ರಿಕೆಯ ಎರಡನೆಯ ಬದಿ ಇದರಿಂದ ಆರಂಭವಾಗಿ, ನಡುವೆ ರೇಡಿಯೋ ನಿರೂಪಕನ ಮಾತಿನೊಡನೆ ಹಿಂದಿನ ದಶಕದ ಜನಪ್ರಿಯ ಗೀತಗಳ ಮಾಲೆಯೊಂದು ಸಾಗುತ್ತದೆ. ಹಾಡಿದ ಕ್ಯಾರನ್ನರಿಗೆ ಆಗ ಇಪ್ಪತ್ತಮೂರು ವರ್ಷ. ಮುಂದೆ ಹತ್ತು ವರ್ಷ ತುಂಬುವುದರೊಳಗೆ, 1983ರ ಫೆಬ್ರವರಿ 4ರಂದು, ಅನ್ನವನ್ನು ದೂರವಿರಿಸುವ ಮನೋವ್ಯಾಧಿಯಿಂದ ಬಳಲಿದ ಅವರ ಹೃದಯ ನಿಂತುಹೋಯಿತು. ಆ ತಟ್ಟೆಯ ಮುಳ್ಳು ಈಗಲೂ ಹಳೆಯ ಗೀತಗಳನ್ನೆಲ್ಲ ದಾಟಿ ಬಂದು, ಕೊನೆಯ ಸುತ್ತುಗಳಲ್ಲಿ ಮೊದಲಿನ ಹಾಡಿನ ಪಲ್ಲವಿಯನ್ನೇ ಆಕೆಯ ದನಿಯಲ್ಲಿ ಕೆಲಹೊತ್ತು ಮರಳಿ ಕೇಳಿಸಿ, ಅನಂತರ ಮೇಲೇಳುತ್ತದೆ.